ಪ್ರಜೆ ಮತ್ತು ಪೌರ: ಮೈಸೂರು ಪ್ರಜಾಪ್ರತಿನಿಧಿ ಸಭೆಯ ಇತಿಹಾಸದಿಂದ ಒಂದು ವಿಚಾರ

ಸರ್ಕಾರವು ಯಾರಿಗಾಗಿ ಇರತಕ್ಕದ್ದು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಬಹು ಹಿಂದಿನಿಂದಲೂ ಒಂದೇ ಬಗೆಯ ಉತ್ತರ ದೊರೆಯುತ್ತ ಬಂದಿದೆ. ಪ್ರಜೆಗಳ ಸುಖದಲ್ಲಿಯೇ ಅರಸನ ಸುಖವಿರುವುದೆಂದು ಅರ್ಥಶಾಸ್ತ್ರವು ಬಗೆಯಿತು. ಕನ್ನಡ ನಾಡಿನ ಶಾಸನಗಳು ಅರಸರನ್ನು ಹೊಗಳುವಾಗ ದುಷ್ಟನಿಗ್ರಹ ಶಿಷ್ಟಪರಿಪಾಲನೆಯ ಮಾತನ್ನು ಮರೆಯುವುದಿಲ್ಲ. ಆದರೆ ಸರ್ಕಾರವು ಯಾರಿಗೆ ಉತ್ತರ ಹೇಳತಕ್ಕದ್ದು ಎಂಬುದು ಬೇರೆಯೇ ಆದ ಪ್ರಶ್ನೆ. ಪ್ರಜೆಗಳ ಹಿತಕ್ಕಾಗಿಯೇ ದುಡಿಯುವ ಸರ್ಕಾರವು ಪ್ರಜೆಗಳಿಗೆ ಉತ್ತರ ಹೇಳದೆಯೂ ಇರಬಹುದು. ಧರ್ಮಕ್ಕೆ, ದೇವರಿಗೆ, ಅಥವಾ ತನ್ನ ಅಂತಃಕರಣಕ್ಕೆ ಮಾತ್ರ ಉತ್ತರ ಹೇಳಿ ನೆಮ್ಮದಿಯಿಂದ ಇರಬಹುದು. ಈ ಎರಡು ಪ್ರಶ್ನೆಗಳ ನಡುವಣ ಅಂತರವನ್ನು ಗ್ರಂಥಗಳಿಂದ ತಿಳಿಯುವುದಕ್ಕಿಂತ ಒಂದು ಸಂಸ್ಥೆಯ ಬಾಳಿನಿಂದ ತಿಳಿಯುವುದು ಲೇಸು. 1881ರಲ್ಲಿ ಹುಟ್ಟಿ 1949ರಲ್ಲಿ ಕೊನೆಗೊಂಡ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಇದಕ್ಕೆ ತಕ್ಕ ನಿದರ್ಶನವೆಂದು ನನ್ನ ಭಾವನೆ.

ಮೊದಲಿಗೆ ಆ ಸಭೆಯ ಹೆಸರನ್ನೇ ನೋಡಬೇಕು. 'ಪ್ರಜೆ' ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಸಂತಾನವೆಂಬುದು ಮೂಲಾರ್ಥ. ಅರಸನು ತಂದೆ, ನಾಡವರು ಮಕ್ಕಳು ಎಂಬ ಕಲ್ಪನೆಯಿಂದ ಅದಕ್ಕೆ ಆಳಿಸಿಕೊಳ್ಳುವವರು ಎಂಬ ಅರ್ಥ ಬಂದಿತು. ಇಂದು ಕನ್ನಡದಲ್ಲಿ ಅದೇ ಶಬ್ದವು ತನ್ನನ್ನು ತಾನೇ ಆಳಿಕೊಳ್ಳುವ ಸ್ವತಂತ್ರ ರಾಷ್ಟ್ರದ ಸದಸ್ಯನನ್ನೂ ಸೂಚಿಸುತ್ತದೆ. 'ಪ್ರಜಾಪ್ರಭುತ್ವ' ಎಂಬ ಸಮಾಸದಲ್ಲಂತೂ ಆಳಿಸಿಕೊಳ್ಳುವವನೇ ಪ್ರಭುವಾಗಿ ಕುಳಿತಿದ್ದಾನೆ. ಪೌರ, ನಾಗರಿಕ ಎಂಬ ಶಬ್ದಗಳನ್ನು ಶಾಸ್ತ್ರಕಾರರು ಬಳಕೆಗೆ ತಂದಿದ್ದಾರೆ. ಅವೆರಡಕ್ಕೂ ಮೂಲದಲ್ಲಿ ಪಟ್ಟಣದ ನಿವಾಸಿಯೆಂದೇ ಅರ್ಥ. ಹಳ್ಳಿಗಳ ನಾಡಿಗೆ ಇವು ಅಷ್ಟಾಗಿ ಹೊಂದುವ ಶಬ್ದಗಳಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ತಪ್ಪೇನಿಲ್ಲ. ಪ್ರಕೃತ ಲೇಖನದಲ್ಲಿ ಆಳಿಸಿಕೊಳ್ಳುವವನನ್ನು ಪ್ರಜೆಯೆಂದೂ, ಆಳುವವರಿಂದ ಉತ್ತರವನ್ನು ಹಕ್ಕಾಗಿ ಪಡೆಯುವವನನ್ನು ಪೌರನೆಂದೂ ಕರೆಯುತ್ತೇನೆ. ಒಂದು ಶಬ್ದದ ಎರಡು ಅರ್ಥಗಳ ನಡುವೆ ಮೈಸೂರು ಸಂಸ್ಥಾನವು ಅರುವತ್ತೆಂಟು ವರ್ಷಗಳನ್ನು ಕಳೆಯಿತು.

1831ರಲ್ಲಿ ನಗರದ ರೈತರ ದಂಗೆಯನ್ನು ಕಾರಣವಾಗಿಟ್ಟುಕೊಂಡು ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡರು. ಅಲ್ಲಿಂದ ಐವತ್ತು ವರ್ಷಗಳ ಕಾಲ ಕಮಿಷನರುಗಳು ಮೈಸೂರನ್ನು ಆಳಿದರು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿ ಬಂದಾಗ ಅದು ಬಡಕಲಾದ ರಾಜ್ಯವಾಗಿತ್ತು. 1876ರಿಂದ 1878ರವರೆಗಿನ ಘೋರ ಕ್ಷಾಮವು ಜನರನ್ನೂ ದನಗಳನ್ನೂ ನುಂಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕ್ಷಾಮದ ವೆಚ್ಚಕ್ಕೆಂದು ಭಾರತ ಸರ್ಕಾರದಿಂದ ಪಡೆದ 80 ಲಕ್ಷ ರೂಪಾಯಿ ಸಾಲವು ಹೊಸ ಮಹಾರಾಜರ ತಲೆಯ ಮೇಲಿತ್ತು. ಇದರ ಮೇಲೆ, ವರ್ಷಕ್ಕೆ 24½ ಲಕ್ಷವಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸತಕ್ಕದ್ದೆಂದು ಹಸ್ತಾಂತರ ಪತ್ರದಲ್ಲಿ ವಿಧಿಸಲಾಗಿತ್ತು. ಏರಿಕೆಯನ್ನು ಕೆಲವು ವರ್ಷ ಮುಂದೂಡಿದುದೊಂದೇ ಅನುಗ್ರಹ. ಗವರ್ನರ್ ಜನರಲರ ಒಪ್ಪಿಗೆಯಿಲ್ಲದೆ ಜಾರಿಯಲ್ಲಿರುವ ಕಾನೂನುಗಳನ್ನಾಗಲಿ ಆಡಳಿತದ ಪದ್ಧತಿಯನ್ನಾಗಲಿ ಗಣನೀಯವಾಗಿ ಬದಲಿಸುವಂತಿರಲಿಲ್ಲ. ಈ ಸಂಗತಿಯನ್ನು ನಾವು ನೆನಪಿನಲ್ಲಿಡಬೇಕು. ಪ್ರಜೆಗಳಿಗೆ ಮಹಾರಾಜರು ಅಧಿಕಾರ ಕೊಡಲಿಲ್ಲವೆಂದು ಹೇಳುವುದು ಸುಲಭ. ಕೊಡಲು ಅವರ ಕೈಯಲ್ಲಿ ಇದ್ದುದೆಷ್ಟು ಎಂಬುದನ್ನೂ ಲೆಕ್ಕಹಾಕಬೇಕಾಗುತ್ತದೆ.

ದಿವಾನ್ ಸಿ. ರಂಗಾಚಾರ್ಲು ಅವರು ಈ ಸ್ಥಿತಿಯಲ್ಲಿ ಅಧಿಕಾರಕ್ಕೆ ಬಂದವರು. ಆಡಳಿತ ಕೈಸೇರಿ ಐದು ತಿಂಗಳಾಗುವಷ್ಟರಲ್ಲಿ, 1881ರ ಆಗಸ್ಟ್ 25ರಂದು, ಪ್ರಜಾಪ್ರತಿನಿಧಿ ಸಭೆಯನ್ನು ಕರೆಯುವ ಆಜ್ಞೆ ಹೊರಟಿತು. ಸರ್ಕಾರದ ಉದ್ದೇಶಗಳು ಜನರಿಗೆ ಚೆನ್ನಾಗಿ ತಿಳಿಯಬೇಕು, ಜನರ ಅಪೇಕ್ಷೆಗಳು ಸರ್ಕಾರಕ್ಕೆ ತಿಳಿಯಬೇಕು, ಹಿಂದಿನ ವರ್ಷ ನಡೆದ ಕಾರ್ಯವನ್ನೂ ಮುಂದಿನ ವರ್ಷ ನಡೆಸಬೇಕೆಂದಿರುವ ಕಾರ್ಯವನ್ನೂ ವರ್ಷಕ್ಕೊಮ್ಮೆ ಜನರ ಮುಂದಿಡಬೇಕು ಎಂಬುದು ಆ ಆಜ್ಞೆಯ ಸಾರ. ಲೋಕಲ್ ಫಂಡ್ ಸಮಿತಿಗಳು ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಜಮೀನುದಾರ ರೈತರನ್ನೂ, ಜಿಲ್ಲೆಗೆ ಕೆಲವರು ವರ್ತಕರನ್ನೂ ಆರಿಸಿ ಕಳುಹಿಸಬೇಕಾಗಿತ್ತು. ದಸರಾ ಉತ್ಸವದ ಸಂದರ್ಭದಲ್ಲಿ, ಅಕ್ಟೋಬರ್ 7ರಂದು, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 144 ಮಂದಿ ಪ್ರತಿನಿಧಿಗಳು ಸೇರಿದರು. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸು ಹುಟ್ಟಲು ಆಗ ಇನ್ನೂ ನಾಲ್ಕು ವರ್ಷಗಳಿದ್ದುವು. ಬ್ರಿಟಿಷ್ ಇಂಡಿಯದ ಶಾಸನಸಭೆಗಳಿಗೆ ಪ್ರಶ್ನೆ ಕೇಳುವ ಹಕ್ಕು ಬಂದುದು 1892ರ ಕಾಯಿದೆಯಿಂದ.

ಪ್ರಾಚೀನ ಕರ್ಣಾಟಕದ ಅಗ್ರಹಾರಗಳ ಮಹಾಜನರು, ನಾಡ ಸಭೆಗಳು, ಅಯ್ಯಾವೊಳೆಯ ಐನೂರ್ವರು ಇವರ ಪರಂಪರೆಯೇ ಈ ಸಭೆಯಲ್ಲಿ ಮತ್ತೆ ಚಿಗುರಿತೆಂದು ಕೆಲವರು ಅಭಿಮಾನದಿಂದ ಹೇಳುವುದುಂಟು. ಇದು ಒಪ್ಪತಕ್ಕ ಮಾತಲ್ಲ. ಆ ಸಂಸ್ಥೆಗಳು ತಮ್ಮ ಊರಿನ ಕೆರೆ, ದೇವಸ್ಥಾನ, ವ್ಯಾಪಾರ, ದತ್ತಿಗಳನ್ನು ತಾವೇ ನಡೆಸಿಕೊಳ್ಳುತ್ತಿದ್ದವು. ರಾಜ್ಯದ ಆಡಳಿತವನ್ನು ವಿಮರ್ಶಿಸಲೆಂದು ಕೂಡಿದವುಗಳಲ್ಲ. ಪ್ರಜಾಪ್ರತಿನಿಧಿ ಸಭೆಯ ಸ್ಥಿತಿ ಇದಕ್ಕೆ ತಿರುಗುಮುರುಗು. ಅದು ಇಡೀ ರಾಜ್ಯದ ವಿಷಯವನ್ನು ಕೇಳಬಹುದಾಗಿತ್ತು, ಆಡಬಹುದಾಗಿತ್ತು. ಒಂದು ಕೆರೆಯ ತೂಬನ್ನು ಕೂಡ ತಾನಾಗಿ ದುರಸ್ತಿ ಮಾಡಿಸುವ ಅಧಿಕಾರ ಅದಕ್ಕಿರಲಿಲ್ಲ.

ಹಾಗಾದರೆ ಸಭೆಯಲ್ಲಿ ನಡೆಯುತ್ತಿದ್ದುದೇನು? ದಿವಾನರೇ ಅಧ್ಯಕ್ಷರು. ಅವರು ವರ್ಷದ ಆದಾಯ ವೆಚ್ಚ, ಮಳೆ ಬೆಳೆ, ರೈಲು ರಸ್ತೆ, ಶಾಲೆ ಆಸ್ಪತ್ರೆಗಳ ವರದಿಯನ್ನು ಓದುವರು. ಬಳಿಕ ಪ್ರತಿನಿಧಿಗಳು ತಮ್ಮ ತಮ್ಮ ತಾಲ್ಲೂಕುಗಳ ಅಹವಾಲುಗಳನ್ನು ಒಪ್ಪಿಸುವರು: ಕೆರೆಯ ಏರಿ ಒಡೆದಿದೆ, ಕಾಡಿನಿಂದ ಸೌದೆ ಸೊಪ್ಪು ತರಲು ಅರಣ್ಯ ಇಲಾಖೆಯವರು ಬಿಡುವುದಿಲ್ಲ, ಕಂದಾಯದ ಕಂತಿನ ಕಾಲ ಬೆಳೆಯ ಕಾಲಕ್ಕೆ ಹೊಂದುವುದಿಲ್ಲ, ಊರಿಗೆ ಶಾಲೆಯಿಲ್ಲ. ದಿವಾನರು ಅಥವಾ ಇಲಾಖೆಯವರು ಇವುಗಳಿಗೆ ಜವಾಬು ಹೇಳುವರು. ನಡವಳಿಗಳು ಅಚ್ಚಾಗುವುವು. ಇಷ್ಟೇ. ಜವಾಬು ಸಮರ್ಪಕವಾಗಿಲ್ಲದಿದ್ದರೆ ಪ್ರತಿನಿಧಿಯು ಮುಂದಿನ ದಸರೆಗೆ ಅದೇ ಅಹವಾಲನ್ನು ಮತ್ತೆ ತರಬಹುದಾಗಿತ್ತು, ದಿವಾನರನ್ನು ಕದಲಿಸುವಂತಿರಲಿಲ್ಲ.

ಇದನ್ನು ಬರಿಯ ಉತ್ಸವವೆಂದು ತಳ್ಳಿಹಾಕುವವರೂ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅಂದಿನ ರೈತನಿಗೆ ಸರ್ಕಾರವೆಂದರೆ ಅಮಲ್ದಾರ, ಶೇಕ್ದಾರ, ಶಾನುಭೋಗ. ಅಮಲ್ದಾರನ ಮೇಲಿನ ದೂರನ್ನು ಅವನ ಮೇಲಧಿಕಾರಿಯ ಮೇಲಧಿಕಾರಿಯಾದ ದಿವಾನರ ಮುಂದೆ, ನೂರಾರು ಜನರ ಎದುರಿನಲ್ಲಿ, ನಿಂತು ಹೇಳುವ ಅವಕಾಶ ಸಣ್ಣದಲ್ಲ. ಅದಕ್ಕೆ ಕೊಟ್ಟ ಜವಾಬು ಅಚ್ಚಿನಲ್ಲಿ ನಿಂತಿತೆಂದರೆ ಮರುವರ್ಷ ಅದನ್ನು ಹಿಡಿದು ಕೇಳಬಹುದು. ಅರ್ಜಿಗೂ ಇದಕ್ಕೂ ವ್ಯತ್ಯಾಸವಿದೆ. ಅರ್ಜಿಯನ್ನು ಕೊಡುವವನು ಒಬ್ಬ; ಅದು ಕಚೇರಿಯ ಕಡತದಲ್ಲಿ ಅಡಗಿಹೋಗುತ್ತದೆ. ಚಿತ್ರದುರ್ಗದವನು ಹೇಳಿದ ಕಷ್ಟವೇ ತನ್ನ ಕಷ್ಟವೂ ಆಗಿದೆಯೆಂದು ಕೋಲಾರದವನು ಅರಿಯುವುದು ಸಭೆಯಲ್ಲಿ ಮಾತ್ರ. ಪೌರತ್ವದ ಮೊದಲ ಪಾಠ ಇದೇ ಇರಬೇಕು: ತನ್ನ ಸಂಕಟವು ತನ್ನೊಬ್ಬನದಲ್ಲ, ಅದೊಂದು ಸಾರ್ವಜನಿಕ ವಿಷಯ ಎಂಬ ತಿಳಿವಳಿಕೆ. ಆದರೆ ಪಾಠ ಅಲ್ಲಿಗೇ ನಿಂತಿತು.

ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ತೀರಿಕೊಂಡರು. ಅವರ ಮುಂದೆ ಹದಿನೆಂಟು ವರ್ಷ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಿಂದ, ಪ್ರತಿನಿಧಿಗಳನ್ನು ಚುನಾಯಿಸುವ ಪದ್ಧತಿ ಬಂದಿತು. ಗೊತ್ತಾದ ಮೊತ್ತದ ಕಂದಾಯ ಅಥವಾ ತೆರಿಗೆ ಕೊಡುವವರಿಗೆ, ಮತ್ತು ವಿದ್ಯಾವಂತರಾದ ಕೆಲವರಿಗೆ ಮಾತ್ರ ಮತವಿತ್ತು. ಒಕ್ಕಲು ಮಾಡುವ ಗೇಣಿದಾರನೂ ಕೂಲಿಯವನೂ ಪ್ರಜೆಗಳೇ. ಆದರೆ ಪ್ರಜಾಪ್ರತಿನಿಧಿ ಸಭೆಗೆ ಪ್ರತಿನಿಧಿಯನ್ನು ಕಳುಹಿಸುವ ಪ್ರಜೆಗಳಲ್ಲ.

ಆ ಕಾಲದ ಒಂದು ಪ್ರಸಂಗವನ್ನು ವಿಚಾರಿಸದೆ ಮುಂದುವರಿಯುವುದು ನ್ಯಾಯವಲ್ಲ, ಏಕೆಂದರೆ ಅದು ನನ್ನ ವಾದಕ್ಕೆ ಅನುಕೂಲವಾದುದಲ್ಲ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸುವ ಶಾಸನವನ್ನು ಮೈಸೂರು ಸರ್ಕಾರವು 1894ರಲ್ಲಿ ಜಾರಿಗೆ ತಂದಿತು. ಸಭೆಯ ಒಳಗೂ ಹೊರಗೂ ಇದಕ್ಕೆ ಪ್ರಬಲವಾದ ವಿರೋಧವಿತ್ತು. ಸರ್ಕಾರವು ಪ್ರತಿನಿಧಿಗಳಿಗೆ ಅಧೀನವಾಗಿದ್ದರೆ ಈ ಶಾಸನ ಅಂದು ಬರುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ವಿವೇಕಿಯಾದ ದಿವಾನನೊಬ್ಬ ಸಾವಿರ ಮತದಾರರಿಗಿಂತ ಮೇಲೆಂದು ವಾದಿಸುವವರಿಗೆ ಇದು ಒಳ್ಳೆಯ ಆಧಾರ. ಈ ವಾದವನ್ನು ಲಘುವಾಗಿ ಕಾಣಬಾರದು. ಇದಕ್ಕೆ ಹೇಳಬಹುದಾದ ಉತ್ತರ ಇಷ್ಟು: ಆ ಸಭೆಯಲ್ಲಿ ಕುಳಿತಿದ್ದವರು ಜಮೀನು ಮತ್ತು ಅಂಗಡಿಗಳ ಒಡೆಯರಾದ ಗಂಡಸರು. ಶಾಸನವು ಯಾರನ್ನು ಕಾಪಾಡಬೇಕಾಗಿತ್ತೋ ಅವರ ತಾಯಂದಿರ ಅಭಿಪ್ರಾಯವನ್ನು ಆ ಸಭೆಯಲ್ಲಿ ಕೇಳಿದವರಿಲ್ಲ. ಜನಾಭಿಪ್ರಾಯವು ಸುಧಾರಣೆಗೆ ವಿರೋಧವಾಗಿತ್ತೆಂದು ಹೇಳುವ ಮೊದಲು ಯಾವ ಜನರದೆಂದು ಕೇಳುವುದು ಅವಶ್ಯ.

ಇದಕ್ಕೆ ಎದುರಾದ ನಿದರ್ಶನ ದೊರೆಯಲು ಬಹಳ ಕಾಲ ಬೇಕಾಗಲಿಲ್ಲ. 1907ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಕಾನೂನು ರಚನೆಯಲ್ಲಿ ನೆರವಾಗಲೆಂದು ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ಮರುವರ್ಷವೇ, ಅದೇ ಆಡಳಿತದಲ್ಲಿ, ವೃತ್ತಪತ್ರಿಕೆಗಳ ಶಾಸನವು ಹೊರಬಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆಯನ್ನು ಹೊರಡಿಸುವಂತಿಲ್ಲ; ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವುದೂ ಸರ್ಕಾರದ ಇಚ್ಛೆ. ಮೈಸೂರಿನ ಪತ್ರಕರ್ತರಲ್ಲಿ ಹಿರಿಯರಾದ, ತಾತಯ್ಯನವರೆಂದು ಜನರು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರೇ ಮೊದಲಾದವರು ಇದನ್ನು ವಿರೋಧಿಸಿದರು, ಫಲವಾಗಲಿಲ್ಲ. ಒಂದು ಕೈಯಿಂದ ಶಾಸನಸಭೆ, ಇನ್ನೊಂದು ಕೈಯಿಂದ ಪತ್ರಿಕೆಗಳ ಬಾಯಿಗೆ ಬೀಗ. ಇದರಲ್ಲಿ ವಿರೋಧಾಭಾಸವಿದೆಯೆಂದು ಅಂದಿನ ಅಧಿಕಾರಿಗಳಿಗೆ ತೋರಿದಂತೆ ಕಾಣುವುದಿಲ್ಲ. ಸಭೆಯು ಸರ್ಕಾರವು ಕೊಟ್ಟದ್ದು. ಪತ್ರಿಕೆಯ ಸ್ವಾತಂತ್ರ್ಯವೂ ಸರ್ಕಾರವು ಕೊಟ್ಟದ್ದು. ಕೊಟ್ಟವನು ಹಿಂದಕ್ಕೆ ಪಡೆಯಬಹುದು. ಕೊಡುಗೆಗೂ ಹಕ್ಕಿಗೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ತಂದೆಯಂತಹ ಸರ್ಕಾರವು ಬಾಲ್ಯವಿವಾಹವನ್ನು ತಡೆದಾಗ ನಾವು ಮೆಚ್ಚಿದೆವು. ಅದೇ ತಂದೆಯು ಮಕ್ಕಳು ಮಾತನಾಡಬಾರದೆಂದಾಗ ಯಾರಲ್ಲಿಗೆ ಹೋಗುವುದು?

ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ (1912–1918) ಎರಡು ಸಭೆಗಳ ಸೌಲಭ್ಯಗಳೂ ಹೆಚ್ಚಿದವು. ನ್ಯಾಯವಿಧಾಯಕ ಸಭೆಗೆ ಪ್ರಶ್ನೆ ಕೇಳುವ ಮತ್ತು ಆಯವ್ಯಯವನ್ನು ಚರ್ಚಿಸುವ ಅವಕಾಶ ಬಂದಿತು. ಪ್ರಜಾಪ್ರತಿನಿಧಿ ಸಭೆಯು 1917ರಿಂದ ವರ್ಷಕ್ಕೆ ಎರಡು ಸಲ ಸೇರತೊಡಗಿತು. ಈ ವಿವರಗಳು ಪ್ರಸಿದ್ಧವಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ಅದೇ 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯು ಎತ್ತಿದ ಪ್ರಶ್ನೆಯು ಇದಕ್ಕಿಂತ ಆಳವಾದದ್ದು. ಸರ್ಕಾರದ ಹುದ್ದೆಗಳಲ್ಲಿ, ಅದರಲ್ಲಿಯೂ ಮೇಲಿನ ಹುದ್ದೆಗಳಲ್ಲಿ, ಬ್ರಾಹ್ಮಣರೇ ಬಹುಸಂಖ್ಯಾತರಾಗಿದ್ದರು. ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದ ಸಮಾಜಗಳ ಮುಖಂಡರು ಸಭೆಯ ಅಧಿಕಾರವನ್ನು ಹೆಚ್ಚಿಸುವುದಕ್ಕಿಂತ ಕಚೇರಿಯಲ್ಲಿ ಪಾಲು ಪಡೆಯುವುದು ಮುಖ್ಯವೆಂದು ಬಗೆದರು. ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ 1918ರಲ್ಲಿ ನೇಮಕವಾದ ಸಮಿತಿಯು ಮರುವರ್ಷ ವರದಿ ಕೊಟ್ಟಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲಿಗೂ ಕಡಿಮೆಯಿಲ್ಲದಂತೆ ಹಿಂದುಳಿದ ಸಮಾಜಗಳವರು ಇರಬೇಕೆಂಬುದು ಅದರ ಗುರಿ. ಸರ್ಕಾರವು 1921ರಲ್ಲಿ ಇದನ್ನು ಬಹುಮಟ್ಟಿಗೆ ಅಂಗೀಕರಿಸಿತು. ವಿಶ್ವೇಶ್ವರಯ್ಯನವರು ಈ ನೀತಿಯನ್ನು ಒಪ್ಪದೆ 1918ರಲ್ಲಿಯೇ ರಾಜೀನಾಮೆ ಕೊಟ್ಟಿದ್ದರು.

ಈ ಚಳವಳಿಯನ್ನು ಪದವಿಗಳಿಗಾಗಿ ನಡೆದ ಕಿತ್ತಾಟವೆಂದು ಬರೆದವರುಂಟು. ಆ ನೋಟ ಸಂಕುಚಿತವಾದದ್ದು. ಹಳ್ಳಿಯವನಿಗೆ ಸರ್ಕಾರದ ದರ್ಶನವಾಗುವುದು ಕಚೇರಿಯಲ್ಲಿಯೇ ಹೊರತು ಸಭಾಭವನದಲ್ಲಲ್ಲ. ಕಚೇರಿಯಲ್ಲಿ ತನ್ನವರು ಒಬ್ಬರೂ ಇಲ್ಲದೆ ಹೋದರೆ ಆ ಸರ್ಕಾರವು ತನ್ನದೆಂದು ಅವನು ಹೇಗೆ ನಂಬುವನು? ಪೌರತ್ವವೆಂದರೆ ಸರ್ಕಾರವನ್ನು ಪ್ರಶ್ನಿಸುವ ಹಕ್ಕು ಮಾತ್ರವಲ್ಲ, ಅದರಲ್ಲಿ ಭಾಗವಹಿಸುವ ಹಕ್ಕೂ ಹೌದೆಂಬ ತತ್ತ್ವವನ್ನು ಮೈಸೂರಿನಲ್ಲಿ ಮೊದಲು ಗಟ್ಟಿಯಾಗಿ ಹೇಳಿದವರು ಅವರು. ಆದರೆ ಅಸ್ಪೃಶ್ಯರೆನಿಸಿದ್ದವರಿಗೆ ಈ ಪಾಲಿನಲ್ಲಿ ಸಿಕ್ಕಿದ್ದು ಅತ್ಯಲ್ಪ ಎಂಬುದನ್ನೂ ಹೇಳಲೇಬೇಕು.

1922ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಪ್ರಖ್ಯಾತ ತತ್ತ್ವಜ್ಞರೂ ಆದ ಬ್ರಜೇಂದ್ರನಾಥ ಸೀಲರ ನೇತೃತ್ವದಲ್ಲಿ ರಾಜ್ಯಾಂಗ ಸುಧಾರಣೆಯ ಸಮಿತಿಯು ರಚಿತವಾಯಿತು. ಅದರ ಫಲವಾಗಿ ಬಂದ 1923ರ ಶಾಸನಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಮೊದಲ ಬಾರಿಗೆ ಕಾನೂನಿನ ಬುನಾದಿ ದೊರೆಯಿತು. ಅಲ್ಲಿಯವರೆಗೆ ಅದು ನಿಂತಿದ್ದುದು ಸರ್ಕಾರದ ಆಜ್ಞೆಯ ಮೇಲೆ. ಇನ್ನು ಮುಂದೆ ಹೊಸ ತೆರಿಗೆಯನ್ನು ಹಾಕುವ ಮೊದಲು ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದು. ಮಸೂದೆಗಳ ಸಾಮಾನ್ಯ ತತ್ತ್ವಗಳನ್ನು ನ್ಯಾಯವಿಧಾಯಕ ಸಭೆಗೆ ತರುವ ಮುನ್ನ ಇದರ ಮುಂದಿಡತಕ್ಕದ್ದು. ಮತದಾನಕ್ಕಿದ್ದ ಅರ್ಹತೆಗಳನ್ನು ಇಳಿಸಲಾಯಿತು. ಹೆಂಗಸರಿಗೆ ಮತವಿಲ್ಲವೆಂಬ ನಿಷೇಧವು ತೊಲಗಿತು. ನ್ಯಾಯವಿಧಾಯಕ ಸಭೆಯ ಸದಸ್ಯರ ಸಂಖ್ಯೆ 50ಕ್ಕೆ ಏರಿತು. ಅವರಲ್ಲಿ ಚುನಾಯಿತರು ಅರ್ಧಕ್ಕಿಂತ ಕಡಿಮೆ.

ಸೀಲರ ಯೋಜನೆಯು ಅಸಾಮಾನ್ಯವಾದ ಬುದ್ಧಿಯ ಫಲವೆಂಬುದರಲ್ಲಿ ಸಂಶಯವಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟರಿ ಪದ್ಧತಿಯನ್ನು ಮೈಸೂರು ಕಣ್ಣುಮುಚ್ಚಿ ಅನುಕರಿಸಬೇಕಾಗಿಲ್ಲ. ಪಕ್ಷಗಳ ಜಗಳದಿಂದ ಮಂತ್ರಿಮಂಡಲಗಳು ಏಳುವುದೂ ಬೀಳುವುದೂ ಪ್ರಗತಿಯ ಲಕ್ಷಣವಲ್ಲ. ಒಂದು ಸಭೆ ಜನಾಭಿಪ್ರಾಯವನ್ನು ತಿಳಿಸಲಿ, ಇನ್ನೊಂದು ಕಾನೂನನ್ನು ರೂಪಿಸಲಿ, ಕಾರ್ಯಾಂಗವು ಎರಡಕ್ಕೂ ಕಿವಿಗೊಟ್ಟು ಮಹಾರಾಜರಿಗೆ ಹೊಣೆಯಾಗಿರಲಿ ಎಂಬುದು ಅದರ ಧೋರಣೆ. ಓದಿದರೆ ಮನಸ್ಸು ಒಪ್ಪುವ ಮಾತುಗಳು. ಆದರೆ ಇದರ ಮಧ್ಯದಲ್ಲಿಯೇ ಒಂದು ಬಿರುಕಿದೆ. ಅಭಿಪ್ರಾಯವನ್ನು ಕೇಳತಕ್ಕದ್ದೆಂದು ಕಾನೂನು ವಿಧಿಸಿತು. ಕೇಳಿದಂತೆ ನಡೆಯತಕ್ಕದ್ದೆಂದು ವಿಧಿಸಲಿಲ್ಲ. ತೆರಿಗೆ ಬೇಡವೆಂದು ಸಭೆ ಹೇಳಿದರೂ ಸರ್ಕಾರ ಹಾಕಬಹುದಾಗಿತ್ತು. ಮಹಾರಾಜರ ಇಂಗಿತಕ್ಕೂ ಸಭೆಯ ಬಹುಮತಕ್ಕೂ ಭೇದ ಬಂದಾಗ ಯಾವುದು ನಿಲ್ಲಬೇಕೆಂಬ ಪ್ರಶ್ನೆಗೆ ಯೋಜನೆಯಲ್ಲಿದ್ದ ಉತ್ತರ ಒಂದೇ. ನಾಲ್ವಡಿ ಕೃಷ್ಣರಾಜ ಒಡೆಯರಂತಹ ಅರಸರು ಇದ್ದ ಕಾಲದಲ್ಲಿ ಈ ಬಿರುಕು ಹೆಚ್ಚಾಗಿ ಕಾಣಲಿಲ್ಲ. ಸಂವಿಧಾನಗಳನ್ನು ಅಂತಹ ಅರಸರು ಇಲ್ಲದ ಕಾಲಕ್ಕಾಗಿಯೂ ರಚಿಸಬೇಕಾಗುತ್ತದೆ.

1926ರಿಂದ 1940ರವರೆಗೆ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದ ಡಿ. ವಿ. ಗುಂಡಪ್ಪನವರಂತಹವರು ಈ ವ್ಯವಸ್ಥೆಯನ್ನು ಒಳಗಿನಿಂದಲೇ ತಿದ್ದಲು ಯತ್ನಿಸಿದರು. ರಾಜ್ಯಶಾಸ್ತ್ರದ ವಿಚಾರಗಳನ್ನು ಕನ್ನಡದಲ್ಲಿ ಹೇಳಲು ಬೇಕಾದ ಪರಿಭಾಷೆಯನ್ನು ಕಟ್ಟಿಕೊಟ್ಟರು. ಆದರೆ 1930ರ ದಶಕದಲ್ಲಿ ಬೀದಿಯಲ್ಲಿ ಕೇಳಿಬಂದ ಘೋಷಣೆ ಪಂಡಿತರು ಕಟ್ಟಿದ ಶಬ್ದವಲ್ಲ. ಅದು ಕಚೇರಿಯ ಭಾಷೆಯಿಂದಲೇ ಬಂದದ್ದು: 'ಜವಾಬ್ದಾರಿ ಸರ್ಕಾರ'. ಈ ಶಬ್ದದ ಔಚಿತ್ಯವನ್ನು ಗಮನಿಸಬೇಕು. ಜವಾಬೆಂದರೆ ಉತ್ತರ, ಜವಾಬ್ದಾರನೆಂದರೆ ಉತ್ತರ ಹೇಳಬೇಕಾದವನು. ಪ್ರಜಾಪ್ರತಿನಿಧಿ ಸಭೆಯು ಐವತ್ತು ವರ್ಷಗಳಿಂದಲೂ ಜವಾಬನ್ನು ಪಡೆಯುತ್ತಿತ್ತು. ಜವಾಬ್ದಾರಿಯನ್ನು ಮಾತ್ರ ಪಡೆದಿರಲಿಲ್ಲ. ಜವಾಬು ಹೇಳುವವನ ದಾಕ್ಷಿಣ್ಯದ ಮೇಲೆ ಅದು ನಿಂತಿತ್ತು. ಹೇಳದಿದ್ದರೆ ಅಥವಾ ತಪ್ಪು ಹೇಳಿದರೆ ಅವನು ಸ್ಥಾನವನ್ನು ಬಿಡಬೇಕೆಂಬ ನಿಯಮವಿರಲಿಲ್ಲ.

ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತವು (1926–1941) ಕೈಗಾರಿಕೆ, ನಗರ ನಿರ್ಮಾಣ ಮೊದಲಾದುವುಗಳಲ್ಲಿ ಹೆಸರು ಪಡೆಯಿತು. ರಾಜಕೀಯದಲ್ಲಿ ಅದು ಬಿಗಿಯಾಗಿತ್ತು. 1937ರಲ್ಲಿ ಸಂಸ್ಥಾನದ ಪಕ್ಷಗಳು ಕಾಂಗ್ರೆಸ್ಸಿನಲ್ಲಿ ಒಂದುಗೂಡಿದವು. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನೇರಿಸಲಾಯಿತು. ಎರಡು ವಾರಗಳ ಬಳಿಕ, ಏಪ್ರಿಲ್ 25ರಂದು, ಅಂದಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಕೂಡಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಅನೇಕರು ಪ್ರಾಣ ಕಳೆದುಕೊಂಡರು. ದೇಶದ ಸಂಸ್ಥಾನಗಳಲ್ಲೆಲ್ಲ ಮಾದರಿಯೆನಿಸಿಕೊಂಡಿದ್ದ, ಪ್ರತಿನಿಧಿ ಸಭೆಯನ್ನು ಎಲ್ಲರಿಗಿಂತ ಮೊದಲು ಕರೆದ ಸಂಸ್ಥಾನದಲ್ಲಿ ಇದು ನಡೆಯಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರ ಮಧ್ಯಸ್ಥಿಕೆಯಿಂದ ಒಡಂಬಡಿಕೆಯಾಗಿ ರಾಜ್ಯದ ಧ್ವಜದೊಡನೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸುವ ಅವಕಾಶ ದೊರೆಯಿತು. ಕೆ. ಆರ್. ಶ್ರೀನಿವಾಸಯ್ಯಂಗಾರ್ಯರ ಸಮಿತಿಯ ವರದಿಯನ್ನನುಸರಿಸಿ 1940ರಲ್ಲಿ ಪ್ರತಿನಿಧಿ ಸಭೆಯ ಸ್ಥಾನಗಳು 310ಕ್ಕೂ ನ್ಯಾಯವಿಧಾಯಕ ಸಭೆಯ ಸ್ಥಾನಗಳು 68ಕ್ಕೂ ಏರಿದವು. ಕೇಳಿದ್ದು ಜವಾಬ್ದಾರಿ, ಕೊಟ್ಟದ್ದು ಕುರ್ಚಿಗಳು.

1942ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರು ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದರು. ಅಪ್ರಾಪ್ತ ವಯಸ್ಸಿನ ಒಬ್ಬ ಹುಡುಗನನ್ನು ಅಮಲ್ದಾರನೆಂದೂ ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರನೆಂದೂ ನೇಮಿಸಿದರು. ಊರಿಗೆ ಬಂದ ನಿಜವಾದ ಅಮಲ್ದಾರನೂ ಸಬ್ ಇನ್ಸ್‌ಪೆಕ್ಟರನೂ ಜನರೊಡನೆ ನಡೆದ ಘರ್ಷಣೆಯಲ್ಲಿ ಹತರಾದರು. ಬಳಿಕ ಸೇನೆ ಬಂದಿತು, ಮನೆಗಳು ಸುಲಿಗೆಯಾದವು, 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಹಿಂಸೆಯನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆ ಹುಡುಗರ ನೇಮಕದಲ್ಲಿರುವ ಅರ್ಥವನ್ನು ಮಾತ್ರ ಎತ್ತಿ ತೋರಿಸಬೇಕಾಗಿದೆ. ಈಸೂರಿನವರು ಅಮಲ್ದಾರನೇ ಬೇಡವೆನ್ನಲಿಲ್ಲ. ತಾವು ನೇಮಿಸಿದವನೇ ಅಮಲ್ದಾರನೆಂದರು. ಅಧಿಕಾರದ ಮೂಲ ಎಲ್ಲಿದೆ ಎಂಬ ರಾಜ್ಯಶಾಸ್ತ್ರದ ಮೊದಲ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ಪ್ರತಿವರ್ಷ ಅಹವಾಲುಗಳನ್ನು ಆಲಿಸುತ್ತಿದ್ದ ಸಭೆಯಲ್ಲಿ ಆ ಉತ್ತರವನ್ನು ಹೇಳಲು ಸ್ಥಳವಿರಲಿಲ್ಲ.

ಮುಂದಿನ ಘಟನೆಗಳು ಬೇಗಬೇಗ ನಡೆದವು. ದೇಶವು ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ದಿವಾನಗಿರಿಯೇ ಮುಂದುವರಿಯಿತು. 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಹೊತ್ತಿತು. ವಿದ್ಯಾರ್ಥಿಗಳೂ ಕೂಲಿಕಾರರೂ ರೈತರೂ ಜೈಲುಗಳನ್ನು ತುಂಬಿದರು. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರವನ್ನು ವಹಿಸಿತು. ಸಂಸ್ಥಾನದ ಸಂವಿಧಾನವನ್ನು ರಚಿಸಲೆಂದು ಕೂಡಿದ ಸಭೆಯು ಕೊನೆಗೆ ಭಾರತದ ಸಂವಿಧಾನವನ್ನೇ ಒಪ್ಪುವುದು ಲೇಸೆಂದು ತೀರ್ಮಾನಿಸಿತು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಅದನ್ನು ಅಂಗೀಕರಿಸಿ ಘೋಷಣೆ ಹೊರಡಿಸಿದರು. ಮರುದಿನ ದೆಹಲಿಯಲ್ಲಿ ಸಂವಿಧಾನವು ಸ್ವೀಕೃತವಾಯಿತು. ಅದರ ಬಹುಭಾಗವು ಜಾರಿಗೆ ಬಂದದ್ದು 1950ರ ಜನವರಿ 26ರಂದು. ಪೌರತ್ವಕ್ಕೆ ಸಂಬಂಧಿಸಿದ 5ರಿಂದ 9ರವರೆಗಿನ ಅನುಚ್ಛೇದಗಳೇ ಮೊದಲಾದ ಕೆಲವು ಸ್ವೀಕಾರದ ದಿನವೇ ಜಾರಿಗೆ ಬಂದವು. ಪ್ರಜಾಪ್ರತಿನಿಧಿ ಸಭೆಯನ್ನು ಡಿಸೆಂಬರ್ 16ರಂದು ವಿಸರ್ಜಿಸಲಾಯಿತು.

1952ರಲ್ಲಿ ವಯಸ್ಕರೆಲ್ಲರ ಮತದಿಂದ ಚುನಾಯಿತವಾದ ವಿಧಾನಸಭೆಯು ಬೆಂಗಳೂರಿನಲ್ಲಿ ಸೇರಿತು. 99 ಸ್ಥಾನಗಳಿದ್ದ ಈ ಸಭೆಯು ಹಿಂದಿನ ಪ್ರತಿನಿಧಿ ಸಭೆಯ ಮೂರನೆಯ ಒಂದು ಪಾಲಿನಷ್ಟೇ. ಸಂವಿಧಾನದ 176ನೆಯ ಅನುಚ್ಛೇದದಂತೆ ರಾಜ್ಯದ ಮುಖ್ಯಸ್ಥರು ಸಭೆಯನ್ನು ಉದ್ದೇಶಿಸಿ ಭಾಷಣ ಮಾಡತಕ್ಕದ್ದು. ಮೈಸೂರಿನಲ್ಲಿ 1956ರವರೆಗೆ ಆ ಸ್ಥಾನದಲ್ಲಿದ್ದವರು ರಾಜಪ್ರಮುಖರಾದ ಜಯಚಾಮರಾಜ ಒಡೆಯರೇ. ನಡೆದುದರ ವರದಿ, ನಡೆಸಬೇಕೆಂದಿರುವುದರ ವಿವರ, ಇವು ಈ ಭಾಷಣದಲ್ಲಿಯೂ ಇರುತ್ತವೆ. 1881ರಲ್ಲಿ ರಂಗಾಚಾರ್ಲು ಅವರು ಓದಿದ ಭಾಷಣವು ಮಹಾರಾಜರ ಪರವಾಗಿ ದಿವಾನರು ಆಡಿದ ಮಾತು. 1952ರಿಂದ ಮಹಾರಾಜರು ಓದಿದುದು ಕೆಂಗಲ್ ಹನುಮಂತಯ್ಯನವರ ಮಂತ್ರಿಮಂಡಲವು ಬರೆದುಕೊಟ್ಟ ಭಾಷಣ. ಅದಕ್ಕೆ ವಂದನೆ ಸಲ್ಲಿಸುವ ನಿರ್ಣಯವನ್ನು ಸಭೆಯು ತಿರಸ್ಕರಿಸಿದರೆ ಮಂತ್ರಿಮಂಡಲವು ವಿಶ್ವಾಸವನ್ನು ಕಳೆದುಕೊಂಡಂತಾಗಿ ಅಧಿಕಾರವನ್ನು ಬಿಡಬೇಕಾಗುತ್ತಿತ್ತು.